ಗಾಂಧೀಜಿಯವರ ಸೊಂಟದ ಗಡಿಯಾರ

1888ರಲ್ಲಿ ಕಾನೂನು ವ್ಯಾಸಂಗಕ್ಕೆ ಲಂಡನ್ನಿಗೆ ತೆರಳಿದ ಗಾಂಧೀಜಿಯವರು, ಅಲ್ಲಿನ ಸಭ್ಯಸ್ಥರಂತೆ ಕಾಣಲು ಅಣ್ಣನಿಂದ ಚಿನ್ನದ ಜೋಡಿ ಸರಪಣಿ ತರಿಸಿಕೊಂಡು ಗಡಿಯಾರಕ್ಕೆ ತೊಡಿಸಿದ್ದರು. 1921ರಲ್ಲಿ ಮಧುರೆಯಲ್ಲಿ ಬಡವರ ತುಂಡುಪಂಚೆಯನ್ನೇ ಉಡುಪಾಗಿ ಸ್ವೀಕರಿಸಿದಾಗ ಜೇಬು ಹೋಯಿತು, ಜೇಬುಗಡಿಯಾರ ಉಳಿಯಿತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾಗಿ ಬಂದದ್ದೂ ಅದೇ ಉಡುಪಿನಲ್ಲಿ.

ಸಿರಿವಂತರ ಎಷ್ಟೋ ಜೇಬುಗಡಿಯಾರಗಳ ಕವಚಕ್ಕೆ ಗಾಜನ್ನು ಕಾಯುವ ಲೋಹದ ಮುಚ್ಚಳವಿರುತ್ತಿತ್ತು. ಗಾಂಧೀಜಿಯವರದು ಮುಚ್ಚಳವಿಲ್ಲದ ಕವಚ. ಸೊಂಟಕ್ಕೆ ತೂಗಿದ್ದ ಅದನ್ನು ಎತ್ತಿದೊಡನೆ ಸಮಯ ಕಾಣುತ್ತಿತ್ತು. ಕಾಲವ್ಯಯವನ್ನು ಸಹಿಸದ ಅವರು 1948ರ ಜನವರಿ 30ರಂದು ಸರ್ದಾರ್ ಪಟೇಲರೊಡನೆ ಮಾತುಕತೆ ಬೆಳೆದುದರಿಂದ ಸಂಜೆ 5 ಗಂಟೆಯ ಪ್ರಾರ್ಥನೆಗೆ ತಡವಾಗಿ ಹೊರಟರು. ಪ್ರಾರ್ಥನಾ ವೇದಿಕೆಯನ್ನು ತಲುಪುವ ಮುನ್ನವೇ ಹಂತಕನ ಗುಂಡಿಗೆ ಬಲಿಯಾದರು.