ಮಹುಲಾದಲ್ಲಿ ನಿಂತ ಪರಿವ್ರಾಜಕ

ಮಠವು ಜಪತಪಗಳ ಸ್ಥಾನ. ಧಾನ್ಯದ ಲೆಕ್ಕ, ಚಂದಾ ಪಟ್ಟಿ, ರೋಗಿಗಳ ಶುಶ್ರೂಷೆ ಇವೆಲ್ಲ ಸಂಸಾರಿಗಳ ಪಾಲಿನವೆಂದು ತಿಳಿದವರೇ ನಮ್ಮಲ್ಲಿ ಬಹಳ. ಈ ತಿಳಿವಳಿಕೆಯನ್ನು ತಮ್ಮ ಬಾಳಿನಿಂದಲೇ ಅಲುಗಿಸಿದವರು ಸ್ವಾಮಿ ಅಖಂಡಾನಂದರು.

೧೮೬೪ರಲ್ಲಿ ಕಲ್ಕತ್ತೆಯಲ್ಲಿ ಜನಿಸಿದ ಗಂಗಾಧರರು ಎಳೆವಯಸ್ಸಿನಲ್ಲಿಯೇ ಶ್ರೀ ರಾಮಕೃಷ್ಣ ಪರಮಹಂಸರ ಪಾದಗಳನ್ನಾಶ್ರಯಿಸಿದರು. ಸ್ವಭಾವತಃ ತಿರುಗಾಟದ ವಿರಕ್ತರು. ಹಿಮಾಲಯವನ್ನು ದಾಟಿ ಟಿಬೆಟ್ಟನ್ನೂ ಕಂಡುಬಂದರು. ರಾಜಪುತಾನದ ಖೇತ್ರಿಯಲ್ಲಿದ್ದಾಗ ಬಡವರ ಮಕ್ಕಳ ವಿದ್ಯೆಗಾಗಿ ಬಹಳವಾಗಿ ಶ್ರಮಿಸಿದರು.

೧೮೯೭ರಲ್ಲಿ ಗಂಗಾತೀರವನ್ನು ಹಿಡಿದು ಮುರ್ಷಿದಾಬಾದ್ ಜಿಲ್ಲೆಯೊಳಗೆ ನಡೆದುಹೋಗುತ್ತಿರುವಾಗ, ದಾದಪುರದಲ್ಲಿ ಒಡೆದ ಕೊಡದ ಮುಂದೆ ಅಳುತ್ತಿದ್ದ ಒಬ್ಬ ಮುಸಲ್ಮಾನ ಬಾಲೆಯನ್ನು ಕಂಡರು. ಮನೆಯಲ್ಲಿ ಬೇರೆ ಪಾತ್ರೆಯಿಲ್ಲ. ತಾಯಿ ಹೊಡೆದಾಳೆಂಬ ಭಯ. ಕೈಯಲ್ಲಿದ್ದ ಅಲ್ಪ ಹಣದಿಂದ ಹೊಸ ಕೊಡವನ್ನೂ ಅವಲಕ್ಕಿಯನ್ನೂ ಕೊಡಿಸುವಷ್ಟರಲ್ಲಿ ಹಸಿದ ಮಕ್ಕಳ ಗುಂಪು ಅವರನ್ನು ಸುತ್ತುವರಿಯಿತು. ಅದು ಘೋರ ಕ್ಷಾಮದ ವರ್ಷ. ಸ್ವಾಮಿಗಳ ಯಾತ್ರೆ ಅಲ್ಲಿಗೇ ನಿಂತಿತು.

ಮೇ ೧೫ರಂದು ಮಹುಲಾ ಗ್ರಾಮದಲ್ಲಿ ಅನ್ನಾರ್ತರಿಗೆ ಅಕ್ಕಿ ಹಂಚಲಾರಂಭಿಸಿದರು. ರಾಮಕೃಷ್ಣ ಮಿಷನ್ ಸ್ಥಾಪಿತವಾಗಿ ಆಗ ಎರಡೇ ವಾರಗಳಾಗಿದ್ದವು. ವಿವೇಕಾನಂದರು ಹಣವನ್ನೂ ಇಬ್ಬರು ಸಹಾಯಕರನ್ನೂ ಕಳುಹಿಸಿದರು. ಜಿಲ್ಲೆಯ ಅಧಿಕಾರಿಗಳೂ ನೆರವಾದರು. ಇಂತಹ ಕೆಲಸದ ಕಷ್ಟವು ಕ್ಷಾಮನಿವಾರಣೆಯಲ್ಲಿ ದುಡಿದವರಿಗೆ ತಿಳಿದೇ ಇದೆ: ಅಕ್ಕಿಯನ್ನು ತರಿಸುವುದಕ್ಕಿಂತಲೂ ಅದು ಯಾರಿಗೆ ಸಲ್ಲತಕ್ಕದ್ದೆಂದು ನಿರ್ಣಯಿಸುವುದು ಕಠಿಣ.

ಇದು ಪರಮಹಂಸರ ಉಪದೇಶಕ್ಕೆ ಒಪ್ಪುವುದೇ ಎಂಬ ಶಂಕೆ ಗುರುಬಂಧುಗಳಲ್ಲಿಯೂ ಕೆಲವರನ್ನು ಕಾಡಿತು. ಶಂಕೆಯು ಕ್ಷುಲ್ಲಕವಲ್ಲ, ಪರರ ಹಣವನ್ನು ಮುಟ್ಟಿದ ಮಠ ಅದಕ್ಕೇ ಅಡಿಯಾಳಾಗುವುದುಂಟು. ಆದರೆ ಹಸಿದವನು ಶಾಸ್ತ್ರಾರ್ಥ ಮುಗಿಯುವವರೆಗೆ ಕಾದಿರಲಾರನಷ್ಟೆ.

ಕ್ಷಾಮ ತೀರಿತು; ತಬ್ಬಲಿ ಮಕ್ಕಳು ಉಳಿದರು. ಅವರಿಗಾಗಿ ತೆರೆದ ಅನಾಥಾಲಯವೇ ಕಾಲಕ್ರಮದಲ್ಲಿ ಸಾರಗಾಛಿಯ ಆಶ್ರಮವಾಗಿ ನೆಲೆಗೊಂಡಿತು. ಅಲ್ಲಿ ಅಕ್ಷರದೊಡನೆ ನೇಯ್ಗೆ, ಹೊಲಿಗೆ, ಬಡಗಿತನಗಳನ್ನೂ ಕಲಿಸಿದರು. ಮಕ್ಕಳನ್ನು ಉಣಿಸಿದರೆ ಸಾಲದು, ಅವರು ದುಡಿದುಣ್ಣುವಂತಾಗಬೇಕು ಎಂಬುದು ಸ್ವಾಮಿಗಳ ನಿಲುವು. ಧರ್ಮಸತ್ರಗಳನ್ನು ನಡೆಯಿಸುವ ನಮ್ಮ ಧನಿಕರು ಇದನ್ನು ಗಮನಿಸುವುದೊಳ್ಳೆಯದು. ಟಿಬೆಟ್ಟಿನವರೆಗೆ ನಡೆದ ಕಾಲುಗಳು ಆ ಹಳ್ಳಿಯಲ್ಲಿ ದಶಕಗಳ ಕಾಲ ನೆಟ್ಟುನಿಂತವು. ಊರಿನವರಿಗೆ ಅವರು ಬಾಬಾ.

೧೯೩೪ರಲ್ಲಿ ಮಠ ಮತ್ತು ಮಿಷನ್ನಿನ ಮೂರನೆಯ ಅಧ್ಯಕ್ಷರಾದ ಮೇಲೂ ಅವರ ಮನಸ್ಸು ಬೇಲೂರು ಮಠಕ್ಕಿಂತ ಸಾರಗಾಛಿಯ ಕಡೆಗೇ ವಾಲುತ್ತಿದ್ದಿತು. ಬಹುಪಾಲು ಅಲ್ಲಿಯೇ ಇರುತ್ತಿದ್ದರು. ೧೯೩೭ರ ಫೆಬ್ರವರಿ ೭ರಂದು ದೇಹವಿಟ್ಟರು. ಆಶ್ರಮ ಇಂದಿಗೂ ನಡೆದುಬಂದಿದೆ.