ಮೆಣಸಿನಕಾಯಿ ಯಾವ ಊರಿನದು? ಬಿ.ಜಿ.ಎಲ್. ಸ್ವಾಮಿ ಕಲಿಸಿದ ಪಾಠ

ಹುಕ್ಕೇರಿ ತಾಲೂಕಿನ ಸಂಕೇಶ್ವರದ ಮೆಣಸಿನಕಾಯಿ, ಗೋಕಾಕದ ಮನೆಗಳ ಶೇಂಗಾ ಚಟ್ನಿ, ಮೂಡಲಗಿ ಹೊಲಗಳ ಗೋವಿನಜೋಳ. ಎಲ್ಲಾ ನಮ್ಮವೇ ಅಂತ ಆಣೆ ಮಾಡಿ ಹೇಳ್ತೀವಿ. ಆದರೆ ಮೆಣಸಿನಕಾಯಿ, ಶೇಂಗಾ, ಗೋವಿನಜೋಳ ಮೂರೂ ಕೊಲಂಬಸ್ ನಂತರ ಅಮೆರಿಕ ಖಂಡಗಳಿಂದ ಸಮುದ್ರ ದಾಟಿ ಬಂದವು. ಇಂಥ ಸಂಗತಿಯನ್ನು ಕನ್ನಡಿಗರ ತಟ್ಟೆಗೇ ಬಡಿಸಿದವರು ಬಿ.ಜಿ.ಎಲ್. ಸ್ವಾಮಿ. ಅವರ ಒಂದು ಪುಸ್ತಕದ ಹೆಸರೇ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'.

1918ರಲ್ಲಿ ಹುಟ್ಟಿದ ಸ್ವಾಮಿ, ಡಿವಿಜಿಯವರ ಮಗ. ಸಸ್ಯವಿಜ್ಞಾನ ಓದಿ, ಹಾರ್ವರ್ಡ್‌ನಲ್ಲಿ ಇರ್ವಿಂಗ್ ಬೈಲಿ ಅವರ ಜೊತೆ ಸಂಶೋಧನೆ ಮಾಡಿದರು. ಸಸ್ಯವೊಂದಕ್ಕೆ ಆ ಗುರುವಿನ ಹೆಸರನ್ನೇ ಇಟ್ಟರು. ಮುಂದೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು, ಪ್ರಾಂಶುಪಾಲರೂ ಆದರು.

ಸಂಶೋಧನಾ ಪ್ರಬಂಧಗಳು ಇಂಗ್ಲಿಷಿನಲ್ಲಿದ್ದರೂ ಕಾಡಿನ ಕಥೆ ಹೇಳಿದ್ದು ಕನ್ನಡದಲ್ಲೇ. 'ಹಸುರು ಹೊನ್ನು' ಪುಸ್ತಕದಲ್ಲಿ ವಿದ್ಯಾರ್ಥಿಗಳ ಜೊತೆಗಿನ ಕಾಡು ಸುತ್ತಾಟ ಇದೆ, ತಮಾಷೆ ಇದೆ, ಅವರೇ ಬರೆದ ಚಿತ್ರಗಳಿವೆ. ನಗುತ್ತಾ ಓದುವಷ್ಟರಲ್ಲಿ ಗಿಡದ ಎಲೆ, ಹೂವು, ಕುಲ ತಲೆಗೆ ಇಳಿದಿರುತ್ತೆ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1980ರಲ್ಲಿ ಸ್ವಾಮಿ ತೀರಿಕೊಂಡರು.

ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ಅಂಕಿಗಳೆಂದರೆ ಸಲೀಸು. 2019ರಲ್ಲಿ ಘಟಪ್ರಭೆ ಗೋಕಾಕಕ್ಕೆ ನುಗ್ಗಿದಾಗ ನಾನು ಬರೆದದ್ದು ಕ್ಯೂಸೆಕ್ ಲೆಕ್ಕ. ನದಿ ಹುಟ್ಟುವ ಘಟ್ಟದ ಕಾಡಿಗೂ ನೀರು ನುಗ್ಗಿದ ಮನೆಯ ಹೊಸ್ತಿಲಿಗೂ ಏನು ನಂಟು ಅಂತ ಬರೆಯಲಿಲ್ಲ. ಮನೆ ಕಳೆದುಕೊಂಡವರಿಗೆ ಬೇಕಿದ್ದದ್ದು ಅದೇ. ಸ್ವಾಮಿ ಆಗಿದ್ದರೆ ಹೊಸ್ತಿಲಿಂದಲೇ ಶುರು ಮಾಡುತ್ತಿದ್ದರು.