ಬೀಳುವ ಮಳೆ, ದಕ್ಕುವ ನೀರು

ಸರ್ಕಾರಿ ಸೇವೆಯ ಆರಂಭದ ವರ್ಷಗಳನ್ನು ನಾನು ಆಳಂದ, ಅಫಜಲಪುರ, ಜೇವರ್ಗಿಯ ಸೀಮೆಯಲ್ಲಿ ಕಳೆದೆ. ಒಂದು ವರ್ಷ, ಒಂದು ತಾಲ್ಲೂಕಿನ ಮಳೆಮಾಪಕದ ದಾಖಲೆ ವಾಡಿಕೆಯ ಸನಿಹದಲ್ಲಿತ್ತು. ಎರಡು ದೊಡ್ಡ ಮಳೆಗಳ ನಡುವೆ ವಾರಗಟ್ಟಲೆ ಬಿಸಿಲು ಸುರಿದು, ಕಪ್ಪು ಎರೆಭೂಮಿ ಬಿರುಕು ಬಿಟ್ಟು, ತೊಗರಿ ಹೂವಿನಲ್ಲೇ ಉದುರಿಹೋಗಿತ್ತು. ನಾನು ಹೊಲವನ್ನು ನಂಬದೆ ದಾಖಲೆಯನ್ನು ನಂಬಿದೆ. ಬರವಿಲ್ಲವೆಂದು ವರದಿ ಬರೆದೆ. ವ್ಲಾಡಿಮಿರ್ ಕೊಪ್ಪೆನ್ ಎಂಬ ವಿಜ್ಞಾನಿಯ ಬದುಕನ್ನು ಓದಿದಾಗಲೆಲ್ಲ ಆ ವರದಿ ನನ್ನನ್ನು ಚುಚ್ಚುತ್ತದೆ.

ಕೊಪ್ಪೆನ್ ಹುಟ್ಟಿದ್ದು 1846ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ಜರ್ಮನ್ ಮೂಲದ ಮನೆತನದಲ್ಲಿ. ಶಾಲೆ ಕಲಿತದ್ದು ದೂರದ ದಕ್ಷಿಣದ ಕ್ರಿಮಿಯಾದಲ್ಲಿ. ಚಳಿಯ ರಾಜಧಾನಿಗೂ ಬೆಚ್ಚಗಿನ ಕಡಲ ದಂಡೆಗೂ ನಡುವೆ ಸಾಗುವಾಗ ಕಾಡು ಹುಲ್ಲುಗಾವಲಾಗಿ, ಹುಲ್ಲುಗಾವಲು ಬೆಟ್ಟವಾಗಿ ಬದಲಾಗುವುದನ್ನು ಆತ ಕಂಡ. ಸಸ್ಯಶಾಸ್ತ್ರ ಓದಿ, ಶಾಖಕ್ಕೂ ಸಸ್ಯದ ಬೆಳವಣಿಗೆಗೂ ಇರುವ ಸಂಬಂಧವನ್ನು ಕುರಿತು 1870ರಲ್ಲಿ ಲೈಪ್‌ಜಿಗ್‌ನಲ್ಲಿ ಡಾಕ್ಟರೇಟ್ ಪಡೆದ. 1875ರಲ್ಲಿ ಹ್ಯಾಂಬರ್ಗ್‌ನ ಸಾಗರ ವೀಕ್ಷಣಾಲಯವನ್ನು ಸೇರಿ, ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅಲ್ಲಿ ದುಡಿದ. ಅವನೂ ಒಬ್ಬ ಸರ್ಕಾರಿ ನೌಕರನೇ.

1884ರಲ್ಲಿ ಶಾಖವಲಯಗಳ ನಕ್ಷೆಯನ್ನೂ 1900ರಲ್ಲಿ ಹವಾಗುಣಗಳ ವರ್ಗೀಕರಣವನ್ನೂ ಪ್ರಕಟಿಸಿದ ಕೊಪ್ಪೆನ್, 1936ರವರೆಗೂ ಅದನ್ನು ತಿದ್ದುತ್ತಲೇ ಇದ್ದ. ಮಳೆಯ ಮೊತ್ತವನ್ನಷ್ಟೇ ನೋಡಿ ನೆಲವನ್ನು ಒಣಭೂಮಿ ಎನ್ನಲಾಗದು, ಆ ಮಳೆಯನ್ನು ಬಿಸಿಲು ಎಷ್ಟು ಹೀರುತ್ತದೆಂಬುದನ್ನೂ ನೋಡಬೇಕು ಎಂಬುದು ಅವನ ಸೂತ್ರದ ಸಾರ. ಬೇಸಿಗೆಯ ಅರ್ಧವರ್ಷದಲ್ಲೇ ಹೆಚ್ಚಿನ ಮಳೆ ಬೀಳುವ ನಮ್ಮಂತಹ ಕಡೆ, ವರ್ಷದ ಸರಾಸರಿ ಉಷ್ಣಾಂಶವನ್ನು 20ರಿಂದ ಗುಣಿಸಿ 280 ಕೂಡಿಸಬೇಕು. ಅಷ್ಟು ಮಿಲಿಮೀಟರ್ ಮಳೆ ಬೀಳದಿದ್ದರೆ ಅದು ಒಣ ಹವಾಗುಣ. ಅದರ ಅರ್ಧವೂ ಇಲ್ಲದಿದ್ದರೆ ಮರುಭೂಮಿ. ಕಲಬುರಗಿ ಸೀಮೆಯ ಸರಾಸರಿ ಉಷ್ಣಾಂಶ 27 ಡಿಗ್ರಿಯಷ್ಟು. ಲೆಕ್ಕ 820 ಮಿ.ಮೀ.ಗೆ ಬಂದು ನಿಲ್ಲುತ್ತದೆ. ನಮ್ಮ ಮಳೆ 700 ಮಿ.ಮೀ.ನ ಆಸುಪಾಸಿನದು. ಮರುಭೂಮಿಯ ಗಡಿಯಾದ 410ಕ್ಕಿಂತ ಬಹಳ ಮೇಲೆ ಇದ್ದರೂ ಭೀಮೆಯ ದಡದ ಈ ನಾಡು ಅರೆಒಣ ಪ್ರದೇಶವೇ. ಇದೇ 700 ಮಿ.ಮೀ. ಮಳೆ ಬೀಳುವ ಯುರೋಪಿನ ತಂಪು ನಾಡು ಹಸಿರಾಗಿರುತ್ತದೆ.

ಧ್ರುವಪ್ರದೇಶದಲ್ಲಿ ಈ ಸೂತ್ರ ತಲೆಕೆಳಗಾಗುತ್ತದೆ. ತಣ್ಣನೆಯ ಗಾಳಿ ಹೆಚ್ಚು ತೇವವನ್ನು ಹೊರಲಾರದು. ಅಲ್ಲಿ ಗಾಳಿ ಮೇಲಿನಿಂದ ಕೆಳಕ್ಕಿಳಿಯುವುದರಿಂದ ಮೋಡ ಕಟ್ಟುವುದೂ ವಿರಳ. ಅಂಟಾರ್ಕ್ಟಿಕದ ಒಳನಾಡಿನಲ್ಲಿ ವರ್ಷವಿಡೀ ಬೀಳುವ ಹಿಮವನ್ನು ಕರಗಿಸಿದರೆ 50 ಮಿ.ಮೀ. ನೀರೂ ಆಗದು, ಜೈಸಲ್ಮೇರಿನಲ್ಲಿ ಬೀಳುವುದು ಅದಕ್ಕಿಂತ ಹೆಚ್ಚು. ವರ್ಷಕ್ಕೆ 250 ಮಿ.ಮೀ.ಗಿಂತ ಕಡಿಮೆ ಮಳೆಯಿದ್ದರೆ ಮರುಭೂಮಿ ಎನ್ನುವ ಭೂಗೋಳಜ್ಞರಿಗೆ ಹೀಗಾಗಿ ಅಂಟಾರ್ಕ್ಟಿಕವೇ ಜಗತ್ತಿನ ಅತಿ ದೊಡ್ಡ ಮರುಭೂಮಿ. ಕೊಪ್ಪೆನ್ ಮಾತ್ರ ಅದನ್ನು ಒಣನಾಡುಗಳ ಪಟ್ಟಿಗೆ ಸೇರಿಸಲಿಲ್ಲ. ಅಷ್ಟು ಚಳಿಯಲ್ಲಿ ಆವಿಯಾಗುವುದು ಅತ್ಯಲ್ಪ. ಸೂತ್ರದ ಉತ್ತರ ಸೊನ್ನೆಗಿಂತ ಕೆಳಗಿಳಿಯುತ್ತದೆ. ಆದ್ದರಿಂದ ಅತಿ ಬೆಚ್ಚನೆಯ ತಿಂಗಳಲ್ಲೂ 10 ಡಿಗ್ರಿ ಮುಟ್ಟದ ನಾಡುಗಳಿಗೆ ಅವನು ಬೇರೆಯೇ ವರ್ಗ ಮಾಡಿದ. ಈ ಎರಡು ಎಣಿಕೆಗಳೂ ಒಪ್ಪುವ ಮಾತೊಂದಿದೆ: ಮಂಜಾಗಿ ಬಿಗಿದ ನೀರು ಬೇರಿಗೆ ದಕ್ಕದು.

ಆ ಮಂಜು ಕೊಪ್ಪೆನ್ನನ ಮನೆಯನ್ನೂ ತಟ್ಟಿತು. ಮಗಳು ಎಲ್ಸೆಯ ಪತಿ ಆಲ್ಫ್ರೆಡ್ ವೇಗನರ್, ಖಂಡಗಳು ಚಲಿಸುತ್ತವೆಂದು ಸಾರಿದವನು. ಮಾವ-ಅಳಿಯ ಸೇರಿ ಪ್ರಾಚೀನ ಕಾಲದ ಹವಾಗುಣಗಳ ಕುರಿತು 1924ರಲ್ಲಿ ಪುಸ್ತಕ ಹೊರತಂದರು. ಅದೇ ವರ್ಷ ವೃದ್ಧ ಕೊಪ್ಪೆನ್ ಆಸ್ಟ್ರಿಯಾದ ಗ್ರಾಜ್ ನಗರಕ್ಕೆ ಬಂದು ನೆಲೆಸಿದ. 1930ರ ನವೆಂಬರಿನಲ್ಲಿ, ಗ್ರೀನ್‌ಲ್ಯಾಂಡಿನ ಹಿಮದ ನಡುವಿನ ಕೇಂದ್ರಕ್ಕೆ ಹೋಗಿ ಮರಳುವ ದಾರಿಯಲ್ಲಿ ವೇಗನರ್ ತೀರಿಕೊಂಡ. ಎಂಬತ್ತು ದಾಟಿದ್ದ ಮಾವ ಕೆಲಸ ನಿಲ್ಲಿಸಲಿಲ್ಲ. 1940ರಲ್ಲಿ, 93ನೆಯ ವಯಸ್ಸಿನಲ್ಲಿ, ಗ್ರಾಜ್‌ನಲ್ಲೇ ಕಣ್ಣು ಮುಚ್ಚಿದ.

2016ರ ಕೇಂದ್ರ ಬರ ನಿರ್ವಹಣಾ ಕೈಪಿಡಿ ಮಳೆಯ ಜೊತೆಗೆ ಬಿತ್ತನೆ, ಬೆಳೆಯ ಸ್ಥಿತಿ, ಮಣ್ಣಿನ ತೇವ, ಜಲಾಶಯ ಮತ್ತು ಅಂತರ್ಜಲಗಳನ್ನೂ ಪರಿಗಣಿಸಬೇಕೆನ್ನುತ್ತದೆ. ಹೊಲಕ್ಕೆ ಹೋಗಿ ನೋಡಬೇಕೆಂದೂ ಹೇಳುತ್ತದೆ. ಕೊಪ್ಪೆನ್ನನ ಸೂತ್ರ ದೀರ್ಘಕಾಲದ ಸರಾಸರಿಯನ್ನು ಅಳೆಯುವುದೇ ಹೊರತು ಒಂದು ವರ್ಷದ ಬರವನ್ನಲ್ಲ. ಆದರೂ ಅವನ ವಿವೇಕ ಈ ಕೈಪಿಡಿಯಲ್ಲಿದೆ. ಇಂದು ವರದಿ ಬರೆಯುವ ಕಿರಿಯ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ: ಎಷ್ಟು ಮಳೆ ಬಿತ್ತೆಂದು ಮಾಪಕವನ್ನು ಕೇಳಿ, ಎಷ್ಟು ದಕ್ಕಿತೆಂದು ತೊಗರಿಯ ಬೇರನ್ನು ಕೇಳಿ. ನಾನು ಎರಡನೆಯದನ್ನು ಕೇಳಲಿಲ್ಲ. ಅದರ ಬೆಲೆಯನ್ನು ನಾನು ತೆರಲಿಲ್ಲ, ರೈತರು ತೆತ್ತರು.